ಯಂತ್ರ ಮರಳಿತು, ಲೆಕ್ಕ ಮರಳಲಿಲ್ಲ

ವರ್ತಕ ಬಾಂಧವರಿಗೂ ಸಣ್ಣ ಉದ್ದಿಮೆದಾರರಿಗೂ ಮಾರ್ಚ್ 31 ಎಂದರೆ ಏನೆಂಬುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ದಾಸ್ತಾನಿನ ಎಣಿಕೆ, ಬಾಕಿಗಳ ತಾಳೆ, ಲೆಕ್ಕಪತ್ರಗಳ ಮುಕ್ತಾಯ, ಇವುಗಳ ನಡುವೆ ಅಂದು ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಅದೇ ದಿನವನ್ನು 2011ರಿಂದ 'ವಿಶ್ವ ಬ್ಯಾಕಪ್ ದಿನ'ವೆಂದು ಹಲವು ದೇಶಗಳಲ್ಲಿ ಆಚರಿಸುತ್ತಾ ಬಂದಿದ್ದಾರೆ. ಲೆಕ್ಕದ ವರ್ಷ ಮುಗಿಯುವ ದಿನವೂ ಲೆಕ್ಕದ ನಕಲು ಎಲ್ಲಿದೆಯೆಂದು ವಿಚಾರಿಸಬೇಕಾದ ದಿನವೂ ಒಂದೇ ಆಗಿರುವುದು ಕಾಕತಾಳೀಯವೇ ಸರಿ. ಆದರೆ ಎರಡನೆಯದನ್ನು ನಮ್ಮಲ್ಲಿ ಬಹುತೇಕರು ಮರೆತಿದ್ದೇವೆ ಎಂಬುದು ಮಾತ್ರ ಕಾಕತಾಳೀಯವಲ್ಲ. ಮರೆತವರಲ್ಲಿ ನಾನೂ ಒಬ್ಬನಾಗಿದ್ದೆ. ಅದಕ್ಕಾಗಿ ತೆತ್ತ ಬೆಲೆಯನ್ನು ಇತರ ಸದಸ್ಯರೂ ತೆರಬೇಕಾಗದಿರಲಿ ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಡೆದದ್ದೇನು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕವಾಟಗಳ ಬಿಡಿಭಾಗಗಳನ್ನು ತಯಾರಿಸುವ ಚಿಕ್ಕ ಘಟಕ ನಮ್ಮದು. 2019ರಲ್ಲಿ ಹಳೆಯ ಮೂರು ಗಣಕಯಂತ್ರಗಳನ್ನು ತೆಗೆದು ಒಂದೇ ಸರ್ವರ್ ಕೊಂಡೆವು. ಅದರೊಳಗೆ ಮೂರು ವರ್ಚುವಲ್ ಮಷಿನ್‌ಗಳನ್ನು ಸ್ಥಾಪಿಸಲಾಯಿತು: ಲೆಕ್ಕಪತ್ರ ಹಾಗೂ ದಾಸ್ತಾನಿಗೆ ಒಂದು, ನಕ್ಷೆಗಳು ಮತ್ತು ಸಿಎನ್‌ಸಿ ಪ್ರೋಗ್ರಾಮ್‌ಗಳಿಗೆ ಒಂದು, ಹಾಜರಾತಿ ಮತ್ತು ಅಂಚೆಗೆ ಮತ್ತೊಂದು. ವರ್ಚುವಲ್ ಮಷಿನ್ ಎಂದರೆ ಬೇರೇನಲ್ಲ, ಒಂದು ನೈಜ ಯಂತ್ರದೊಳಗೆ ತಂತ್ರಾಂಶದ ಬಲದಿಂದ ನಡೆಯುವ ಹಲವು ಪ್ರತ್ಯೇಕ ಗಣಕಯಂತ್ರಗಳು. ಅವುಗಳನ್ನು ನಡೆಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಪ್ರತಿ ರಾತ್ರಿ ಮೂರೂ ಮಷಿನ್‌ಗಳ ಬ್ಯಾಕಪ್ ತೆಗೆಯುವ ವ್ಯವಸ್ಥೆಯನ್ನು ಸೇವಾ ಸಂಸ್ಥೆಯವರು ಮಾಡಿಕೊಟ್ಟರು. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ 'ಮೂರರಲ್ಲಿ ಮೂರು ಯಶಸ್ವಿ' ಎಂಬ ಅಂಚೆ ಬಂದಿರುತ್ತಿತ್ತು. ಅದನ್ನು ನೋಡಿ ನಿಶ್ಚಿಂತೆಯಿಂದ ಚಹಾ ಕುಡಿಯುವುದು ನನ್ನ ಅಭ್ಯಾಸವಾಗಿತ್ತು.

2021ರಲ್ಲಿ ಸರ್ವರ್‌ನ ಡಿಸ್ಕ್ ತುಂಬತೊಡಗಿತು. ಆಗ ಬೇರೊಂದು ಅಂಗಡಿಯಿಂದ ನಾಲ್ಕು ಡಿಸ್ಕ್‌ಗಳ ನ್ಯಾಸ್ ಪೆಟ್ಟಿಗೆಯೊಂದನ್ನು, ಅಂದರೆ ಜಾಲದ ಮೂಲಕ ಜೋಡಿಸುವ ಸಂಗ್ರಹ ಸಾಧನವನ್ನು ಕೊಂಡೆವು. ಅದರ ಜಾಗವನ್ನು ಐಸ್ಕಸಿ ವಿಧಾನದಲ್ಲಿ ಲೆಕ್ಕಪತ್ರದ ಮಷಿನ್‌ಗೆ 'ಡಿ' ಡ್ರೈವ್ ಆಗಿ ಜೋಡಿಸಿದವರು ಆ ಅಂಗಡಿಯ ತಂತ್ರಜ್ಞರು. ಲೆಕ್ಕದ ದತ್ತಾಂಶವನ್ನೂ ಗ್ರಾಹಕರ ನಕ್ಷೆಗಳನ್ನೂ ಅಲ್ಲಿಗೆ ಸಾಗಿಸಿದೆವು. ಕೆಲಸ ಸುಗಮವಾಯಿತು. ಬೆಳಗಿನ ಅಂಚೆಯೂ ಎಂದಿನಂತೆ 'ಯಶಸ್ವಿ' ಎಂದೇ ಬರುತ್ತಿತ್ತು.

2023ರ ಏಪ್ರಿಲ್‌ನ ಒಂದು ಸಂಜೆ ಗುಡುಗು ಸಿಡಿಲಿನ ಅಡ್ಡಮಳೆ ಸುರಿಯಿತು. ವಿದ್ಯುತ್ತಿನ ಹೊಡೆತಕ್ಕೆ ಸರ್ವರ್ ನಿಂತಿತು. ನ್ಯಾಸ್ ಪೆಟ್ಟಿಗೆ ಸುಟ್ಟಿತು, ಅದರ ನಾಲ್ಕು ಡಿಸ್ಕ್‌ಗಳಲ್ಲಿ ಎರಡು ನಿರುಪಯುಕ್ತವಾದವು. ಮರುದಿನ ಸೇವಾ ಸಂಸ್ಥೆಯವರು ಬಂದು ಬದಲಿ ಸರ್ವರ್‌ನಲ್ಲಿ ಬ್ಯಾಕಪ್‌ನಿಂದ ಮೂರೂ ಮಷಿನ್‌ಗಳನ್ನು ಎಬ್ಬಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಲೆಕ್ಕದ ತಂತ್ರಾಂಶ ತೆರೆಯಿತು, ಗುಪ್ತಪದ ಸ್ವೀಕರಿಸಿತು, ನಮ್ಮ ಕಂಪನಿಯ ಹೆಸರನ್ನೂ ತೋರಿಸಿತು. ಆದರೆ ಒಳಗೆ ಲೆಕ್ಕವಿರಲಿಲ್ಲ. 'ಡಿ' ಡ್ರೈವ್ ಎಂಬುದೇ ಇರಲಿಲ್ಲ. ಎರಡು ವರ್ಷಗಳ ಕಾಲ ಪ್ರತಿ ರಾತ್ರಿ ನಾವು ಜೋಪಾನವಾಗಿ ಕಾಯ್ದಿಟ್ಟದ್ದು ತಿಜೋರಿಯನ್ನು, ಅದರೊಳಗಿನ ಒಡವೆಯನ್ನಲ್ಲ.

ಏಕೆ ಹೀಗಾಯಿತು?

ವರ್ಚುವಲ್ ಮಷಿನ್‌ನ ಡಿಸ್ಕ್ ಸಾಮಾನ್ಯವಾಗಿ ನೈಜ ಸರ್ವರ್‌ನಲ್ಲಿರುವ ಒಂದು ದೊಡ್ಡ ಕಡತ. ಬ್ಯಾಕಪ್ ತಂತ್ರಾಂಶವು ಹೈಪರ್‌ವೈಸರ್‌ಗೆ ಆಣತಿ ನೀಡುತ್ತದೆ; ಹೈಪರ್‌ವೈಸರ್ ಆ ಕಡತದ ಆ ಕ್ಷಣದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದು ಕೊಡುತ್ತದೆ; ಅದು ಬೇರೆಡೆಗೆ ನಕಲಾಗುತ್ತದೆ. ಇದು ಉತ್ತಮ ವಿಧಾನ. ಆದರೆ ಹೈಪರ್‌ವೈಸರ್ ತನ್ನ ಕೈಗೆ ಎಟುಕುವುದನ್ನು ಮಾತ್ರ ಹಿಡಿಯಬಲ್ಲದು. ಹೊರಗಿನಿಂದ ಜೋಡಿಸಿದ ಸಂಗ್ರಹವು ಅದರ ಕೈಗೆ ಸಿಗದೆ ಹೋಗುವ ಸಂದರ್ಭಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು ನಮ್ಮ ಪ್ರಕರಣ. ಮಷಿನ್‌ನ ಒಳಗಿನಿಂದಲೇ ಐಸ್ಕಸಿ ಮೂಲಕವೋ ಜಾಲದ ಹಂಚಿಕೆಯ ಫೋಲ್ಡರ್ ಮೂಲಕವೋ ಜೋಡಿಸಿದ ಸಂಗ್ರಹ. ಹೈಪರ್‌ವೈಸರ್‌ನ ದೃಷ್ಟಿಗೆ ಅದು ಡಿಸ್ಕ್ ಅಲ್ಲ, ಕೇವಲ ಜಾಲದಲ್ಲಿ ಹರಿಯುವ ಸಂಚಾರ. ಆದ್ದರಿಂದ ಅದು ಬ್ಯಾಕಪ್‌ನಲ್ಲಿ ಸೇರುವುದಿಲ್ಲ. ಸೇರಲಿಲ್ಲವೆಂಬ ಎಚ್ಚರಿಕೆಯೂ ಬರುವುದಿಲ್ಲ. ಇದೆಯೆಂಬುದೇ ತಿಳಿಯದ ವಸ್ತುವಿನ ಬಗ್ಗೆ ಎಚ್ಚರಿಸುವವರಾರು?

ಎರಡನೆಯದು, ನೈಜ ಡಿಸ್ಕನ್ನೇ ನೇರವಾಗಿ ಮಷಿನ್‌ಗೆ ಒಪ್ಪಿಸುವ ವಿಧಾನ. ವಿಎಂವೇರ್‌ನಲ್ಲಿ ಇದಕ್ಕೆ ಆರ್‌ಡಿಎಂ ಎಂದೂ ಹೈಪರ್-ವಿಯಲ್ಲಿ ಪಾಸ್-ತ್ರೂ ಡಿಸ್ಕ್ ಎಂದೂ ಹೆಸರು. ಆರ್‌ಡಿಎಂನ ಫಿಸಿಕಲ್ ಬಗೆಗೆ ವಿಎಂವೇರ್ ಸ್ನ್ಯಾಪ್‌ಶಾಟ್ ತೆಗೆಯಲಾರದು. ವರ್ಚುವಲ್ ಬಗೆಗೆ ತೆಗೆಯಬಲ್ಲದು. ಹೈಪರ್-ವಿಯ ಚೆಕ್‌ಪಾಯಿಂಟ್‌ಗಳಲ್ಲಿಯೂ ಪಾಸ್-ತ್ರೂ ಡಿಸ್ಕ್ ಸೇರುವುದಿಲ್ಲ.

ಮೂರನೆಯದು, ಗುರುತಿನಿಂದಲೇ ಹೊರಗುಳಿದ ಡಿಸ್ಕ್‌ಗಳು. ವಿಎಂವೇರ್‌ನಲ್ಲಿ 'ಇಂಡಿಪೆಂಡೆಂಟ್' ಎಂದು ಗುರುತಿಸಿದ ಡಿಸ್ಕ್ ಸ್ನ್ಯಾಪ್‌ಶಾಟ್‌ಗೆ ಒಳಪಡುವುದಿಲ್ಲ. ಈಚೆಗೆ ಸಣ್ಣ ಘಟಕಗಳಲ್ಲಿ ಜನಪ್ರಿಯವಾಗುತ್ತಿರುವ ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಡಿಸ್ಕ್‌ಗೂ 'ಬ್ಯಾಕಪ್' ಎಂಬ ಒಂದು ಚಿಕ್ಕ ಚೌಕವಿದೆ; ಅದರ ಗುರುತು ತೆಗೆದರೆ ಆ ಡಿಸ್ಕ್ ಬ್ಯಾಕಪ್‌ನಿಂದ ಹೊರಗೆ. ಅದರ ಕಂಟೇನರ್‌ಗಳಿಗೆ ಹೊರಗಿನ ಫೋಲ್ಡರನ್ನು 'ಬೈಂಡ್ ಮೌಂಟ್' ಆಗಿ ಕೊಟ್ಟಿದ್ದರೆ ಅದಂತೂ ಎಂದಿಗೂ ಬ್ಯಾಕಪ್ ಆಗುವುದಿಲ್ಲ.

ನಾಲ್ಕನೆಯದು ಕ್ಲೌಡ್. 'ನಮ್ಮದೆಲ್ಲ ಕ್ಲೌಡ್‌ನಲ್ಲಿದೆ, ನಮಗೇಕೆ ಚಿಂತೆ' ಎನ್ನುವ ಮಿತ್ರರು ಗಮನಿಸಬೇಕು. ಓಪನ್‌ಸ್ಟ್ಯಾಕ್ ಆಧಾರಿತ ಕ್ಲೌಡ್‌ಗಳಲ್ಲಿ ಇಮೇಜ್‌ನಿಂದ ಆರಂಭಿಸಿದ ಮಷಿನ್‌ನ ಸ್ನ್ಯಾಪ್‌ಶಾಟ್ ತೆಗೆದರೆ ಮೂಲ ಡಿಸ್ಕ್ ಮಾತ್ರ ಬರುತ್ತದೆ. ನಂತರ ಜೋಡಿಸಿದ ಸಂಗ್ರಹಗಳಿಗೆ ಪ್ರತ್ಯೇಕವಾಗಿ ಬ್ಯಾಕಪ್ ತೆಗೆಯಬೇಕು. ಹೆಸರು ಬದಲಾದರೂ ಗುಣ ಬದಲಾಗಿಲ್ಲ.

ವರ್ತಕರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಅಂಗಡಿಗೆ ಬೆಂಕಿ ವಿಮೆ ಮಾಡಿಸಿದ್ದೀರಿ. ವ್ಯಾಪಾರ ಬೆಳೆದು ರಸ್ತೆಯ ಆಚೆ ಒಂದು ಗೋದಾಮು ಬಾಡಿಗೆಗೆ ಹಿಡಿದು ಸರಕನ್ನೆಲ್ಲ ಅಲ್ಲಿಗೆ ಸಾಗಿಸಿದ್ದೀರಿ. ವಿಮಾ ಪತ್ರದಲ್ಲಿ ಆ ಗೋದಾಮಿನ ವಿಳಾಸ ಸೇರಿಸಿಲ್ಲ. ಕಂತು ತಪ್ಪದೆ ಕಟ್ಟುತ್ತಿದ್ದೀರಿ, ರಸೀದಿಯೂ ಬರುತ್ತಿದೆ. ಗೋದಾಮಿಗೆ ಬೆಂಕಿ ಬಿದ್ದ ದಿನ ವಿಮಾ ಕಂಪನಿಯವರು ಪತ್ರ ತೆಗೆದು ತೋರಿಸುತ್ತಾರೆ. ಅವರು ಸುಳ್ಳು ಹೇಳಿಲ್ಲ, ನೀವೂ ಮೋಸ ಮಾಡಿಲ್ಲ. ಸರಕು ಸುಟ್ಟಿದೆ, ಅಷ್ಟೆ.

ಕಳೆದುಕೊಂಡದ್ದು ಏನು, ಉಳಿದದ್ದು ಏನು?

ನಮ್ಮ ಲೆಕ್ಕಪರಿಶೋಧಕರ ಬಳಿ 2022ರ ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಲೆಕ್ಕದ ಪ್ರತಿಯೊಂದು ಇತ್ತು. ಅದೇ ನಮ್ಮ ಪಾಲಿಗೆ ಉಳಿದ ಕೊನೆಯ ದಡ. ಅಲ್ಲಿಂದ ಮುಂದಿನ ಆರೂವರೆ ತಿಂಗಳ ಲೆಕ್ಕವನ್ನು ಮರಳಿ ಕಟ್ಟಬೇಕಾಯಿತು. ಮಾರಾಟದ ವಿವರಗಳನ್ನು ಜಿಎಸ್‌ಟಿ ಜಾಲತಾಣದಲ್ಲಿ ನಾವೇ ಸಲ್ಲಿಸಿದ್ದ ಜಿಎಸ್‌ಟಿಆರ್-1ರಿಂದ, ಖರೀದಿಯನ್ನು ಜಿಎಸ್‌ಟಿಆರ್-2ಬಿಯಿಂದ, ಹಣದ ಓಡಾಟವನ್ನು ಬ್ಯಾಂಕಿನ ವಿವರಪಟ್ಟಿಯಿಂದ ತೆಗೆದೆವು. ಲೆಕ್ಕ ವಿಭಾಗದ ಇಬ್ಬರು 24 ದಿನ ಇದೇ ಕೆಲಸ ಮಾಡಿದರು. ಮಾರ್ಚ್ ತಿಂಗಳ ರಿಟರ್ನ್ ಸಲ್ಲಿಸುವ ಗಡುವೂ ಆ ದಿನಗಳಲ್ಲೇ ಬಂದು ಹೋಯಿತು.

ಆದರೆ ಸರ್ಕಾರಕ್ಕೆ ನಾವು ತಿಳಿಸಿದ್ದು ಮಾತ್ರ ಸರ್ಕಾರದ ಜಾಲತಾಣದಲ್ಲಿರುತ್ತದೆ. ಯಾವ ಜಾಬ್‌ವರ್ಕ್ ಘಟಕಕ್ಕೆ ಎಷ್ಟು ಎರಕ ಹೋಗಿದೆ, ಎಷ್ಟು ಮರಳಿದೆ ಎಂಬುದು ಚಲನ್ ಪ್ರತಿಗಳನ್ನು ಹುಡುಕಿ ತಾಳೆ ನೋಡುವವರೆಗೆ ತಿಳಿಯಲಿಲ್ಲ. ಕಾರ್ಮಿಕರ ಮಾರ್ಚ್ ತಿಂಗಳ ಹೆಚ್ಚುವರಿ ಕೆಲಸದ ಗಂಟೆಗಳ ದಾಖಲೆ ಸಿಗಲೇ ಇಲ್ಲ. ಹಿರಿಯ ಲೇತ್ ಕೆಲಸಗಾರರೊಬ್ಬರು ತಮ್ಮ ಕಿಸೆಯ ಡೈರಿ ತೆಗೆದು ತೋರಿಸಿದರು. ಉಳಿದವರು ನೆನಪಿನಿಂದ ಹೇಳಿದರು. ಎಲ್ಲರೂ ಹೇಳಿದ್ದನ್ನೇ ಒಪ್ಪಿ ಹಣ ಕೊಟ್ಟೆವು. ತಪ್ಪು ನಮ್ಮದಾಗಿರುವಾಗ ಸಾಕ್ಷಿ ಕೇಳುವ ನೈತಿಕ ಹಕ್ಕು ನಮಗಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಜೂನ್ ತಿಂಗಳಲ್ಲಿ. ಗ್ರಾಹಕರೊಬ್ಬರು ಜನವರಿಯಲ್ಲಿ ಒಂದು ಭಾಗದ ನಕ್ಷೆಯನ್ನು ಪರಿಷ್ಕರಿಸಿ ಕಳುಹಿಸಿದ್ದರು. ಅದು 'ಡಿ' ಡ್ರೈವ್‌ನಲ್ಲಿತ್ತು. ಅದು ಹೋದ ಮೇಲೆ ಕಾರ್ಯಾಗಾರದ ಗೋಡೆಗೆ ಅಂಟಿಸಿದ್ದ ಮುದ್ರಿತ ನಕ್ಷೆಯನ್ನೇ ಸ್ಕ್ಯಾನ್ ಮಾಡಿ ಇಟ್ಟುಕೊಂಡೆವು. ಅದು ಪರಿಷ್ಕರಣೆಗೆ ಮುಂಚಿನದು. ಹಳೆಯ ಅಳತೆಯಲ್ಲಿ 400 ಬಿಡಿಭಾಗಗಳನ್ನು ತಯಾರಿಸಿ ಕಳುಹಿಸಿದೆವು, ಅಷ್ಟೂ ತಿರಸ್ಕೃತವಾಗಿ ಮರಳಿದವು. ಸಾಮಗ್ರಿಯ ನಷ್ಟವನ್ನು ಭರಿಸಬಹುದು. ಹನ್ನೊಂದು ವರ್ಷಗಳಿಂದ ನಮ್ಮ ಅಳತೆಯನ್ನು ಮರುಪರೀಕ್ಷಿಸದೆ ಸ್ವೀಕರಿಸುತ್ತಿದ್ದ ಆ ಗ್ರಾಹಕರು ಅಂದಿನಿಂದ ಪ್ರತಿ ಲಾಟನ್ನೂ ಪರೀಕ್ಷಿಸಿಯೇ ಒಳಗೆ ಬಿಡುತ್ತಾರೆ.

ಹೊಣೆ ಯಾರದು?

ಸರ್ವರ್ ಸೇವೆಯವರನ್ನು ಕೇಳಿದೆ. 'ನಮ್ಮ ಒಪ್ಪಂದದಲ್ಲಿ ಮೂರು ವರ್ಚುವಲ್ ಮಷಿನ್‌ಗಳ ಬ್ಯಾಕಪ್ ಎಂದಿದೆ, ಮೂರನ್ನೂ ಮರಳಿಸಿದ್ದೇವೆ. ಪೆಟ್ಟಿಗೆ ಜೋಡಿಸಿದ್ದು ನಮಗೆ ತಿಳಿಸಿಲ್ಲ' ಎಂದರು. ಪೆಟ್ಟಿಗೆ ಮಾರಿದ ಅಂಗಡಿಯವರನ್ನು ಕೇಳಿದೆ. 'ಜೋಡಿಸಿಕೊಡಿ ಎಂದಿರಿ, ಜೋಡಿಸಿದೆವು. ಬ್ಯಾಕಪ್ ನಮ್ಮ ಕೆಲಸವಲ್ಲ' ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನೆನಪಾಯಿತು. ಆದರೆ ಕಾಗದಪತ್ರಗಳನ್ನು ಶಾಂತವಾಗಿ ಓದಿದಾಗ ಇಬ್ಬರ ಮಾತೂ ಸರಿಯೆಂದು ಒಪ್ಪಬೇಕಾಯಿತು. ಇಬ್ಬರಿಗೂ ಗೊತ್ತಿರದಿದ್ದ ಸಂಗತಿ, ಅಂದರೆ ದತ್ತಾಂಶ ಈಗ ಎಲ್ಲಿದೆ ಎಂಬುದು ಗೊತ್ತಿದ್ದವನು ನಾನೊಬ್ಬನೇ. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಹೊಣೆ ಮಾಲೀಕರದೇ. ಜಿಎಸ್‌ಟಿ ನಿಯಮಗಳ 57ನೆಯ ನಿಯಮವು ಎಲೆಕ್ಟ್ರಾನಿಕ್ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದೂ, ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಅದನ್ನು ಮರಳಿ ಪಡೆಯುವಂತಿರಬೇಕೆಂದೂ ಹೇಳುತ್ತದೆ. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳುಗಳವರೆಗೆ ದಾಖಲೆಗಳನ್ನು ಕಾಯ್ದಿಡಬೇಕು. ಕಂಪನಿಗಳಿಗೆ ನಿಯಮ ಇನ್ನೂ ಬಿಗಿ. 2013ರ ಕಂಪನಿ ಕಾಯಿದೆಯು ಎಂಟು ಆರ್ಥಿಕ ವರ್ಷಗಳ ಲೆಕ್ಕವನ್ನು ಉಳಿಸಿಕೊಳ್ಳಲು ಹೇಳುತ್ತದೆ. 2014ರ ಕಂಪನಿ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರತಕ್ಕದ್ದು. ಮೊದಲು 'ನಿಯತಕಾಲಿಕವಾಗಿ' ಎಂದಷ್ಟೇ ಇತ್ತು. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಕಾನೂನು ಕೇಳುತ್ತಿರುವುದು ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು, ಯಂತ್ರದ ಬ್ಯಾಕಪ್ಪನ್ನಲ್ಲ. 'ಮೂರರಲ್ಲಿ ಮೂರು ಯಶಸ್ವಿ' ಎಂಬ ಅಂಚೆಯನ್ನು ತೋರಿಸಿ ಅಧಿಕಾರಿಗಳ ಮುಂದೆ ನಿಲ್ಲಲಾಗದು.

ದೊಡ್ಡವರೂ ಎಡವಿದ್ದಾರೆ

ಇದು ಸಣ್ಣವರ ಅಜ್ಞಾನದಿಂದ ಆಗುವ ತಪ್ಪು ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿ ಆ ದೇಶದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಲಿಥಿಯಂ ಬ್ಯಾಟರಿಗಳಿಂದ ಬೆಂಕಿ ಹೊತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಅವುಗಳಲ್ಲಿ ಹಲವು ಬ್ಯಾಕಪ್‌ನಿಂದ ಮರಳಿದವು. ಆದರೆ ಸರ್ಕಾರಿ ನೌಕರರು ತಮ್ಮ ಕಚೇರಿ ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಬೃಹತ್ ಸಂಗ್ರಹ ಮರಳಲಿಲ್ಲ. ಅದರಲ್ಲಿ 858 ಟೆರಾಬೈಟ್‌ಗಳಷ್ಟು ದತ್ತಾಂಶವಿತ್ತು. ಗಾತ್ರ ಅತಿ ದೊಡ್ಡದೆಂಬ ಕಾರಣಕ್ಕೆ ಅದಕ್ಕೆ ಹೊರಗಿನ ಬ್ಯಾಕಪ್ಪೇ ಇರಲಿಲ್ಲ. ನಮ್ಮ ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆಗೂ ಅದಕ್ಕೂ ಗಾತ್ರದಲ್ಲಿ ಅಜಗಜಾಂತರ. ತಪ್ಪಿನ ಜಾತಿ ಒಂದೇ. ಎಲ್ಲಿ ಹೆಚ್ಚು ದತ್ತಾಂಶವಿದೆಯೋ ಅದೇ ವ್ಯವಸ್ಥೆಯ ಹೊರಗುಳಿಯಿತು.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸಂಪೂರ್ಣವಾಗಿ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಮೂಲವೂ ನಕಲೂ ಒಟ್ಟಿಗೇ ಹೋದವು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ ನೌಕರರೊಬ್ಬರು ಕಣ್ತಪ್ಪಿನಿಂದ ಮುಖ್ಯ ದತ್ತಸಂಚಯವನ್ನು ಅಳಿಸಿದರು. ಬ್ಯಾಕಪ್ ಹುಡುಕಿದಾಗ ನಿತ್ಯದ ನಕಲು ಬಹಳ ದಿನಗಳಿಂದ ವಿಫಲವಾಗುತ್ತಿದ್ದುದೂ, ಆ ವೈಫಲ್ಯದ ಎಚ್ಚರಿಕೆಯ ಅಂಚೆಗಳು ಯಾರಿಗೂ ತಲುಪದೆ ತಿರಸ್ಕೃತವಾಗುತ್ತಿದ್ದುದೂ ಬೆಳಕಿಗೆ ಬಂದವು. ಸುಮಾರು ಆರು ಗಂಟೆಗಳ ದತ್ತಾಂಶ ಶಾಶ್ವತವಾಗಿ ಹೋಯಿತು. ಆ ಕಂಪನಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿತು ಎಂಬುದು ಶ್ಲಾಘನೀಯ.

ಮಾಡಬೇಕಾದುದೇನು?

ವರ್ಚುವಲ್ ಮಷಿನ್‌ಗಳನ್ನು ತೊರೆದು ಹಳೆಯ ಪದ್ಧತಿಗೆ ಮರಳಬೇಕೆಂದು ಕೆಲವು ಮಿತ್ರರು ಸಲಹೆ ನೀಡಿದರು. ನಾನು ಇದನ್ನು ಒಪ್ಪುವುದಿಲ್ಲ. ಒಂದು ಗಂಟೆಯೊಳಗೆ ಮೂರು ಯಂತ್ರಗಳು ಬೇರೆ ಸರ್ವರ್‌ನಲ್ಲಿ ಎದ್ದು ನಿಂತದ್ದು ಆ ಪದ್ಧತಿಯ ಹಿರಿಮೆಯೇ. ಹೊರಗಿನ ಸಂಗ್ರಹ ಜೋಡಿಸುವುದೂ ತಪ್ಪಲ್ಲ. ಬೆಳೆಯುವ ವ್ಯಾಪಾರಕ್ಕೆ ಗೋದಾಮು ಬೇಕೇ ಬೇಕು. ಗೋದಾಮಿನ ವಿಳಾಸವನ್ನು ಪತ್ರದಲ್ಲಿ ಸೇರಿಸಬೇಕು ಎಂಬುದಷ್ಟೇ ನನ್ನ ವಾದ.

ಪರಿಹಾರದ ಮಾರ್ಗಗಳು ಹಲವಿವೆ. ಸಾಧ್ಯವಿದ್ದಲ್ಲಿ ಹೊರಗಿನ ಸಂಗ್ರಹವನ್ನು ಹೈಪರ್‌ವೈಸರ್‌ಗೇ ಒಪ್ಪಿಸಿ, ಅದರ ಮೇಲೆ ಸಾಮಾನ್ಯ ವರ್ಚುವಲ್ ಡಿಸ್ಕ್ ರಚಿಸಿ ಮಷಿನ್‌ಗೆ ಕೊಡುವುದು ಎಲ್ಲಕ್ಕಿಂತ ಸರಳ. ಆಗ ನಿತ್ಯದ ಬ್ಯಾಕಪ್‌ನಲ್ಲಿ ಅದೂ ಸೇರುತ್ತದೆ. ಹಾಗಾಗದಿದ್ದಲ್ಲಿ ಮಷಿನ್‌ನ ಒಳಗೆ ಬ್ಯಾಕಪ್ ಏಜೆಂಟ್ ಎಂಬ ಚಿಕ್ಕ ತಂತ್ರಾಂಶವನ್ನು ಹಾಕಿಸಬೇಕು. ಅದು ಒಳಗಿನಿಂದ ನೋಡುವುದರಿಂದ ಐಸ್ಕಸಿ ಡ್ರೈವ್ ಅದಕ್ಕೆ ಮಾಮೂಲು ಡ್ರೈವ್‌ನಂತೆಯೇ ಕಾಣುತ್ತದೆ. ಇವೆರಡೂ ಆಗದಿದ್ದರೆ ಸಂಗ್ರಹ ಸಾಧನದ ಸ್ವಂತ ಸ್ನ್ಯಾಪ್‌ಶಾಟ್ ಬಳಸಿ, ಅದನ್ನು ಕಡ್ಡಾಯವಾಗಿ ಇನ್ನೊಂದು ಸಾಧನಕ್ಕೆ ನಕಲು ಮಾಡಿಸಬೇಕು. ಅದೇ ಪೆಟ್ಟಿಗೆಯಲ್ಲಿ ಉಳಿದ ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೂ ನಡೆಯುವ ರೇಡ್ ವ್ಯವಸ್ಥೆಯೂ ಬ್ಯಾಕಪ್ ಅಲ್ಲ. ನಮ್ಮ ಪೆಟ್ಟಿಗೆಯಲ್ಲಿ ಅದೂ ಇತ್ತು.

ಇನ್ನೊಂದು ಸೂಕ್ಷ್ಮವನ್ನು ಸೇವೆಯವರೊಡನೆ ಚರ್ಚಿಸಬೇಕು. ಮಷಿನ್‌ನ ಮೂಲ ಡಿಸ್ಕ್ ರಾತ್ರಿ ಹತ್ತಕ್ಕೂ ಹೊರಗಿನ ಸಂಗ್ರಹ ರಾತ್ರಿ ಎರಡಕ್ಕೂ ನಕಲಾದರೆ, ಮರಳಿಸಿದಾಗ ಒಂದು ಇನ್ನೊಂದಕ್ಕೆ ಹೊಂದದಿರಬಹುದು. ನಗದು ಪುಸ್ತಕ ಇಂದಿನದು, ಖಾತೆ ಪುಸ್ತಕ ನಿನ್ನೆಯದು ಎಂಬಂತೆ. ದತ್ತಸಂಚಯವು ಎರಡೂ ಡಿಸ್ಕ್‌ಗಳಲ್ಲಿ ಹರಡಿದ್ದರೆ ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಏರ್ಪಾಡು ಬೇಕು. ವಿಂಡೋಸ್‌ನಲ್ಲಿ 2003ರ ಸರ್ವರ್ ಆವೃತ್ತಿಯಿಂದಲೇ ಇದಕ್ಕೆ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೌಲಭ್ಯವಿದೆ. ಇದೂ ಕಷ್ಟವೆನಿಸಿದರೆ ಲೆಕ್ಕದ ತಂತ್ರಾಂಶದ ಸ್ವಂತ ಬ್ಯಾಕಪ್ ಕಡತವನ್ನು ದಿನವೂ ಪ್ರತ್ಯೇಕವಾಗಿ ಬೇರೆಡೆ ತೆಗೆದಿಡುವುದು ಉತ್ತಮ. ಸಣ್ಣ ಘಟಕಗಳಿಗೆ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ 3-2-1 ಸೂತ್ರವನ್ನು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದರು. 2019ರ ಆಗಸ್ಟ್‌ನ ಪ್ರವಾಹವನ್ನು ಕಂಡ ಬೆಳಗಾವಿ, ಬಾಗಲಕೋಟೆಯ ವರ್ತಕರಿಗೂ 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಕೆರೆಯಾದುದನ್ನು ಕಂಡ ಬೆಂಗಳೂರಿನವರಿಗೂ 'ಬೇರೆ ಸ್ಥಳ' ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಮೂರರಲ್ಲಿ ಒಂದು ಪ್ರತಿಯಾದರೂ ಜಾಲದಿಂದ ಕಳಚಿಟ್ಟದ್ದಾಗಿರಲಿ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಎಂಬ ಸುಲಿಗೆ ತಂತ್ರಾಂಶವು ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನೇ ಗುರಿಯಾಗಿಸಿ, ಒಳಗಿನ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಸದಾ ಜೋಡಿಸಿಕೊಂಡೇ ಇರುವ ನಕಲು ಕಳ್ಳನಿಗೂ ಸದಾ ಕೈಗೆಟುಕುವಂತಿರುತ್ತದೆ.

ಈ ಎಚ್ಚರಿಕೆ ಇಂದು ಹೆಚ್ಚು ಪ್ರಸ್ತುತ. 2023ರ ನವೆಂಬರ್‌ನಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡ ನಂತರ ಒಮ್ಮೆ ಕೊಂಡು ಶಾಶ್ವತವಾಗಿ ಬಳಸುವ ಪರವಾನಗಿಗಳ ಮಾರಾಟ ನಿಂತು, ಚಂದಾ ಪದ್ಧತಿ ಬಂದಿತು. ವೆಚ್ಚದ ಕಾರಣಕ್ಕೆ ಅನೇಕರು ಬೇರೆ ಹೈಪರ್‌ವೈಸರ್‌ಗಳಿಗೆ ಸ್ಥಳಾಂತರಗೊಳ್ಳುತ್ತಿದ್ದಾರೆ. ಮನೆ ಬದಲಿಸುವಾಗ ಸಾಮಾನು ತಪ್ಪಿಹೋಗುವಂತೆ, ಹೊರಗಿನ ಸಂಗ್ರಹಗಳು ಪಟ್ಟಿಯಿಂದ ಜಾರುವುದು ಇಂತಹ ಸಂದರ್ಭದಲ್ಲಿಯೇ.

ಸಂಸ್ಥೆಗೆ ಎರಡು ವಿನಂತಿಗಳು

ಖರ್ಚಿನ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸಣ್ಣ ಘಟಕಕ್ಕೆ ಪ್ರತ್ಯೇಕ ಗಣಕ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲ ಎಂಬುದು ನಿಜ. ನಾವು ಈಗ ಇನ್ನೊಂದು ಪೆಟ್ಟಿಗೆ, ಎರಡು ಬಿಡಿ ಡಿಸ್ಕ್‌ಗಳು ಮತ್ತು ಏಜೆಂಟ್ ತಂತ್ರಾಂಶಕ್ಕೆ ಮಾಡಿರುವ ವೆಚ್ಚವು ತಿರಸ್ಕೃತವಾದ ಆ 400 ಬಿಡಿಭಾಗಗಳ ಸಾಮಗ್ರಿಯ ಬೆಲೆಗಿಂತ ಕಡಿಮೆ. ಆದರೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಒಂದು ಪದ್ಧತಿ. ಅದನ್ನು ಪ್ರತಿಯೊಬ್ಬ ಸದಸ್ಯನೂ ಒಂಟಿಯಾಗಿ ರೂಪಿಸಿಕೊಳ್ಳುವುದಕ್ಕಿಂತ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯೇ ಮುಂದಾಗುವುದು ಲೇಸು.

ಮೊದಲನೆಯದಾಗಿ, ಗಣಕ ಸೇವಾ ಒಪ್ಪಂದಗಳಿಗೆ ಲಗತ್ತಿಸಬಹುದಾದ ಒಂದು ಪುಟದ ಮಾದರಿ ಅನುಬಂಧವನ್ನು ಸಂಸ್ಥೆಯು ಸಿದ್ಧಪಡಿಸಿ ಸದಸ್ಯರಿಗೆ ಹಂಚಲಿ. ಅದರಲ್ಲಿ ಯಂತ್ರಗಳ ಪಟ್ಟಿಯಲ್ಲ, ಡ್ರೈವ್‌ಗಳ ಪಟ್ಟಿ ಇರಬೇಕು. ಪ್ರತಿ ಡ್ರೈವ್‌ನ ಹೆಸರು, ಅದರಲ್ಲಿರುವುದೇನು, ಅದು ನಿಜವಾಗಿ ಯಾವ ಪೆಟ್ಟಿಗೆಯಲ್ಲಿದೆ, ಹೇಗೆ ಜೋಡಿಸಲಾಗಿದೆ, ಬ್ಯಾಕಪ್ ಯಾರ ಹೊಣೆ, ನಕಲು ಎಲ್ಲಿದೆ, ಕೊನೆಯ ಬಾರಿ ಯಾವಾಗ ಮರಳಿ ತೆಗೆದು ನೋಡಲಾಯಿತು, ಇಷ್ಟು ಕಾಲಂಗಳು ಸಾಕು. ಹೊಸ ಸಾಧನ ಯಾರಿಂದಲೇ ಕೊಂಡರೂ ಈ ಪುಟದಲ್ಲಿ ಒಂದು ಸಾಲು ಸೇರಿಸಿ ಎರಡೂ ಕಡೆಯವರು ಸಹಿ ಹಾಕುವುದು ಕಡ್ಡಾಯವಾಗಲಿ. ಈ ಒಂದು ಸಾಲು 2021ರಲ್ಲಿ ನನ್ನ ಬಳಿ ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಎರಡನೆಯದಾಗಿ, ವರ್ಷಕ್ಕೊಮ್ಮೆ ಮರುಸ್ಥಾಪನೆಯ ಪರೀಕ್ಷೆ ನಡೆಸುವ ಪರಿಪಾಠವನ್ನು ಸಂಸ್ಥೆಯು ಬೆಳೆಸಲಿ. ಮಾರ್ಚ್ 31ರಂದು ಇದು ಯಾರಿಂದಲೂ ಆಗದು. ಆಯುಧಪೂಜೆಯ ಮುನ್ನಾದಿನ ಸೂಕ್ತವೆಂದು ನನ್ನ ಅಭಿಪ್ರಾಯ. ಅಂದು ಹೇಗೂ ಯಂತ್ರಗಳನ್ನು ನಿಲ್ಲಿಸಿ, ಒರೆಸಿ, ಎಣ್ಣೆ ಹಾಕಿ ಸಿದ್ಧಗೊಳಿಸುತ್ತೇವೆ. ಅದೇ ವೇಳೆಯಲ್ಲಿ ಬ್ಯಾಕಪ್ಪನ್ನು ಒಂದು ಖಾಲಿ ಗಣಕಯಂತ್ರಕ್ಕೆ ಮರಳಿಸಿ, ಮೂರು ವಸ್ತುಗಳನ್ನು ತೆರೆದು ನೋಡಬೇಕು: ಹಿಂದಿನ ದಿನದ ಒಂದು ಬಿಲ್ಲು, ಆರು ತಿಂಗಳ ಹಿಂದಿನ ಒಂದು ಖಾತೆ, ತೀರ ಇತ್ತೀಚೆಗೆ ಬಂದ ಒಂದು ನಕ್ಷೆ. ಮೂರೂ ತೆರೆದರೆ ಪೂಜೆಗೆ ಸಿದ್ಧ. ತೆರೆಯದಿದ್ದರೆ ದೋಷ ಎಲ್ಲಿದೆಯೆಂದು ತಿಳಿದುಕೊಳ್ಳಲು ಅದಕ್ಕಿಂತ ಒಳ್ಳೆಯ ದಿನ ಇನ್ನೊಂದು ಸಿಗದು. ಈ ಪರೀಕ್ಷೆಯನ್ನು ಸೇವೆಯವರೊಬ್ಬರೇ ಮಾಡಿ 'ಆಯಿತು' ಎನ್ನುವುದಲ್ಲ. ಮಾಲೀಕರು ಅಥವಾ ಲೆಕ್ಕ ವಿಭಾಗದ ಮುಖ್ಯಸ್ಥರು ಪಕ್ಕದಲ್ಲಿ ಕುಳಿತು ಕಣ್ಣಾರೆ ಕಾಣಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರ ಸಾಲಿಗೆ ನಾನು ಸೇರಿಯಾಗಿದೆ. ಓದುಗ ಸದಸ್ಯರು ಇಂದು ಕಚೇರಿ ಮುಚ್ಚುವ ಮುನ್ನ ತಮ್ಮ ಗಣಕ ಸೇವೆಯವರಿಗೆ ಕರೆ ಮಾಡಿ 'ಬ್ಯಾಕಪ್ ಆಗುತ್ತಿದೆಯೇ' ಎಂದು ಕೇಳದಿರಲಿ. ಆಗುತ್ತಿದೆ ಎಂಬ ಉತ್ತರ ಖಂಡಿತ ಬರುತ್ತದೆ, ಮತ್ತು ಅದು ಬಹುಮಟ್ಟಿಗೆ ನಿಜವೂ ಆಗಿರುತ್ತದೆ. 'ನಮ್ಮ ಲೆಕ್ಕ ಯಾವ ಡ್ರೈವ್‌ನಲ್ಲಿದೆ, ಆ ಡ್ರೈವ್ ಬ್ಯಾಕಪ್‌ನೊಳಗೆ ಇದೆಯೇ, ನಾಳೆ ನನ್ನೆದುರು ತೆಗೆದು ತೋರಿಸುವಿರಾ' ಎಂದು ಕೇಳಬೇಕೆಂಬುದು ನನ್ನ ಕಳಕಳಿಯ ವಿನಂತಿ.